ಕಲ್ಲಿಗೊಂದು ಹೆಸರು

18 ಜನವರಿ 1999, ನಂಜನಗೂಡು
ಮತ್ತೆ ಅದೇ ಮೂರು ಚಿತ್ರ. ಮೊನ್ನೆ ತಾರಸಿಯ ಟೆಲಿಸ್ಕೋಪಿನಲ್ಲಿ ತೆಗೆದವು. ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ತಿರುಗಿಸಿದರೆ ನಕ್ಷತ್ರಗಳೆಲ್ಲ ನಿಂತಲ್ಲೇ ಇವೆ. ಒಂದು ಚುಕ್ಕೆ ಮಾತ್ರ ಜರುಗುತ್ತಿದೆ. ಕ್ಷುದ್ರಗ್ರಹ? ಕ್ಯಾಮರಾದ ದೋಷವೂ ಇರಬಹುದು. ಏನೇ ಸಿಕ್ಕರೂ ಮೊದಲು ದೋಷವೆಂದೇ ಅನಿಸುತ್ತದೆ ನನಗೆ... ಕರೆಂಟ್ ಹೋಯಿತು.

7 ಫೆಬ್ರವರಿ
ಚಿತ್ರಗಳನ್ನು ಕಳಿಸಿದ್ದ ಕ್ಷುದ್ರಗ್ರಹಗಳ ದಾಖಲೆ ಕೇಂದ್ರದಿಂದ ಮೇಲ್ ಬಂತು. ಹೊಸದೇ! ಮಂಗಳ–ಗುರುಗಳ ನಡುವೆ ಸುತ್ತುತ್ತಿದೆ. ಟಿ. ನರಸೀಪುರದ ಬಸ್ಸು ಹತ್ತಿದೆ, ಅಪ್ಪ ಅವ್ವನಿಗೆ ಫೋನಿನಲ್ಲಿ ಹೇಳುವ ಮಾತಲ್ಲ.
ಅವ್ವ, "ಕಲ್ಲಾ? ಇಲ್ಲಿರೋ ಕಲ್ಲು ಸಾಲ್ದೇನವ್ವ ನಿಂಗೆ?"
ಅಪ್ಪ ತಮ್ಮ ಹೆಡ್‌ಮಾಸ್ಟರ್ ದನಿಯಲ್ಲಿ, "ಕಲ್ಲಲ್ಲ ಕಣೇ, ಕ್ಷುದ್ರಗ್ರಹ."
"ಎರಡ್ಸಲ ಅಂದ್ರೆ ನಾಲ್ಗೆ ತೊಡ್ರತದೆ. ಕಲ್ಲೇ ಸರಿ."

9 ಸೆಪ್ಟೆಂಬರ್ 2003
ಕಕ್ಷೆ ಖಚಿತವಾಯಿತು. ಕಾಯಂ ಸಂಖ್ಯೆ ಸಿಕ್ಕಿತು. ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವಳದು. ಅರ್ಥ ವಿವರಿಸಿ ನಾಲ್ಕು ಸಾಲು ಬರೆಯಬೇಕು.
ತಮ್ಮ ರಾಹುಲ ಫೋನಿನಲ್ಲಿ, "ಅಪ್ಪನ ಹೆಸ್ರು ತಾನೇ? ಮಹದೇವಯ್ಯ. ಯೋಚ್ನೆ ಮಾಡೋಕೆ ಏನೈತಕ್ಕ?"
ಸರಿಯೇ. ಇಂಗ್ಲಿಷ್ ಸ್ಕೂಲಿಗೆ ಕಳಿಸಿದ್ದು ಅಪ್ಪ. ಅವರು ತೀರಿಕೊಂಡು ಎರಡು ವರ್ಷವಾಯಿತು. ಆದರೂ ಬರೆದೆ, ಅಳಿಸಿದೆ, ಎದ್ದು ಓಡಾಡಿದೆ — ಟೀ ಆರಿತು.

14 ಸೆಪ್ಟೆಂಬರ್
ಅವ್ವ ಸೊಪ್ಪು ಬಿಡಿಸುತ್ತಿದ್ದಳು. ಕೇಳಿಯೇಬಿಟ್ಟೆ, "ನಿನ್ನ ಹೆಸರಿಡಲಾ?"
"ಥೂ! ಐದ್ನೇದೂ ಎಣ್ಣಾಯ್ತು, ಸಾಕಪ್ಪ ಸಾಕು ಅಂತ ಸಾಕಮ್ಮ ಅಂದ್ರು. ಬ್ಯಾಡ ಅಂತ ಇಟ್ಟ ಎಸ್ರ ಆಕಾಸಕ್ಕೆ ಏರ್ಸೀಯಾ?"
"ಸಾಕುವವಳು ಅಂತಲೂ ಅರ್ಥ ಮಾಡಬಹುದು, ಅವ್ವ."
"ನಿಮ್ಮಪ್ನೂ ಇಂಗೇ ಸಮಾಧಾನ ಏಳೋರು. ಅವ್ರ ಎಸ್ರೇ ಇಡು, ಓಗು."
ವಾಪಸ್ ಬಸ್ಸಿನಲ್ಲಿ ಕೂರಲಾಗಲಿಲ್ಲ. ಸೀಟಿದ್ದರೂ ನಿಂತೇ ಬಂದೆ. ಅವಳ ನೋವಿಗೆ ಚೆಂದದ ಅರ್ಥ ಹೊದಿಸಲು ನಾನ್ಯಾರು? ಗೌರವ ಅವಳಿಗೆ ಬೇಕಿತ್ತೋ, ನನಗೋ?

21 ಸೆಪ್ಟೆಂಬರ್
ಅಪ್ಪನ ಹೆಸರು ಟೈಪ್ ಮಾಡಿ ಇಟ್ಟಿದ್ದೇನೆ. ಕಳಿಸಿಲ್ಲ.

28 ಸೆಪ್ಟೆಂಬರ್, ಬೆಳಿಗ್ಗೆ
ಅವ್ವನ ಫೋನ್. ತಾನಾಗಿ ಮಾಡುವವಳೇ ಅಲ್ಲ.
"ನಿನ್ ಕಲ್ಲು ಏಸೊರ್ಸದಿಂದ ಸುತ್ತುತಾ ಅದೆ?"
"ಕೋಟಿ ಕೋಟಿ ವರ್ಷದಿಂದ."
"ಯಾರೂ ಸಾಕು ಅಂದಿಲ್ವಾ ಅದ್ಕೆ?"
"ಇಲ್ಲವ್ವ."
ಆ ಕಡೆಯಿಂದ ನಗು. "ನನ್ಗಂದ್ರು. ಅಂದ್ಮ್ಯಾಲೂ ಇನ್ನಿಬ್ರು ಎಣ್ಮಕ್ಳೇ ಉಟ್ಟುದ್ರು! ಇಡವ್ವ ನನ್ನೆಸ್ರ. ಅರ್ಥ ಮಾತ್ರ ತಿದ್ಬ್ಯಾಡ. ಇದ್ದಂಗೇ ಬರಿ."

ಮಧ್ಯಾಹ್ನ
ಅಪ್ಪನ ಹೆಸರು ಅಳಿಸಿದೆ. ಬರೆದಿರುವುದು ಇಷ್ಟು —
ಸಾಕಮ್ಮ: ಕಂಡುಹಿಡಿದವಳ ತಾಯಿ. ಐದನೆಯದೂ ಹೆಣ್ಣಾದಾಗ ಮನೆಯವರು ಸಾಕು ಎಂದರು. ಅವಳ ನಂತರವೂ ಇಬ್ಬರು ಹೆಣ್ಣುಮಕ್ಕಳೇ ಹುಟ್ಟಿದರು.