ತಾತನ ಸಾವಿನ ಪತ್ರದಲ್ಲಿ ಅಜ್ಜಿ

ಅಜ್ಜಿ,

ನಾನು ಬರುವವರೆಗೂ ಬಾಗಿಲು ತೆಗೆಯಬೇಡ. ಯಾರು ಅಳುತ್ತಾ ಬಂದರೂ ಕಿಟಕಿಯಲ್ಲಿ ಮುಖ ತೋರಿಸಬೇಡ. ಹೆದರಿ ಬಿದ್ದಾರು.

ತಾತನ ನಲವತ್ತನೇ ದಿನವನ್ನು ಊರಿಗೆ ತಿಳಿಸಲು ಅಚ್ಚು ಹಾಕಿಸಿದ ಸಾವಿನ ಪತ್ರದಲ್ಲಿ ನಿನ್ನ ಫೋಟೋ ಬಂದಿದೆ. ನೀವಿಬ್ಬರೂ ನಿಂತಿರುವ ಫೋಟೋ ಕೊಟ್ಟು, ಒಬ್ಬರು ಸಾಕು ಎಂದಿದ್ದೆ. ಅಚ್ಚಿನವನು ತಾತನನ್ನೇ ಕತ್ತರಿಸಿದ್ದಾನೆ. ಅಂಗಡಿಯಲ್ಲೇ ನೋಡಿದೆ, ಹೇಳಲು ಬಾಯಿ ಬರಲಿಲ್ಲ. ಧೈರ್ಯ ತಂದುಕೊಳ್ಳುವಷ್ಟರಲ್ಲಿ ಮಿಂಚೊ ಮಾವ ಊರಿನ ಕಂಬಗಳಿಗೆಲ್ಲ ಅಂಟಿಸಿ ಬಂದಿದ್ದಾನೆ. ಕೆಳಗೆ ತಾತನ ಹೆಸರೇ ಇದೆ, ಆದರೆ ಓದುವವರು ಯಾರು?

ಪಕ್ಕದ ಮನೆಯ ವೆಲಿಕಾ ಅತ್ತೆ ಬೀದಿಯಲ್ಲೇ ನನ್ನನ್ನು ತಬ್ಬಿಕೊಂಡರು. "ನಿನ್ನೆ ತಾನೆ ನನ್ನ ಮೆಣಸಿನಕಾಯಿ ಸರಿಯಿಲ್ಲ ಅಂತ ಬೈದು ಹೋದಳಲ್ಲೇ, ಒಂದು ಮಾತೂ ಹೇಳ್ದೆ ಹೋಗ್ಬಿಟ್ಲಾ?"

"ಇಲ್ಲ ಅತ್ತೆ, ಮನೇಲೇ ಇದಾಳೆ" ಅಂದೆ.

"ಪಾಪ, ಇನ್ನೂ ಮನೇಲೇ ಮಲಗಿಸಿದೀರಾ?" ಎಂದು ಎರಡು ಗುಲಾಬಿ ಕೈಗೆ ತುರುಕಿದರು. ಜೋಡಿ ಹೂವು ಕೊಡುವುದು ಸತ್ತವರಿಗಲ್ಲವೇ? ಅದಕ್ಕೇ ಒಂದನ್ನು ತಾತನ ಕುರ್ಚಿಯ ಮೇಲಿಟ್ಟು, ಒಂದನ್ನು ನಿನ್ನ ಲೋಟದಲ್ಲಿಟ್ಟಿದ್ದೇನೆ.

ಕಂಬಗಳ ಮೇಲಿನ ಪತ್ರಗಳನ್ನು ಕಿತ್ತು ತರಲು ಹೋಗುತ್ತಿದ್ದೇನೆ. ನಾಳೆ ತಾತನ ಹೆಸರಿನಲ್ಲಿ ಹಂಚುವ ಗೋಧಿ ಬೆಂದಿದೆ, ಸಕ್ಕರೆ ಬೆರೆಸು. ಸೂಪು ಬಿಸಿ ಮಾಡಿಕೊಂಡು ಕುಡಿ. ಒಬ್ಬನೇ ಹೋದ ಎಂದು ತಾತನ ಮೇಲೆ ಮುನಿದು ಉಪವಾಸ ಕೂತದ್ದು ಸಾಕು.

ನಮ್ಮ ಗೇಟಿಗೆ ಅಂಟಿಸಿದ್ದ ಪತ್ರ ತಟ್ಟೆಯ ಪಕ್ಕದಲ್ಲಿದೆ. ಒಲೆಗೆ ಹಾಕಬೇಡ. ಕನ್ನಡಕ ಹಾಕಿಕೊಂಡು ಫೋಟೋದಲ್ಲಿ ನಿನ್ನ ಎಡಭುಜ ನೋಡು. ತಾತನ ನಾಲ್ಕು ಬೆರಳುಗಳನ್ನು ಮಾತ್ರ ಅಚ್ಚಿನವನಿಗೆ ಅಲ್ಲಿಂದ ಬಿಡಿಸಲು ಆಗಿಲ್ಲ.

ಝಿವ್ಕಾ