ಬಾಗಿಲ ನಂಬರು

ಮಾರ್ಚ್ ೧೧, ಮಂಗಳವಾರ

ನಗರಸಭೆಯ ಸದಸ್ಯರೆಲ್ಲ ತಮ್ಮ ಆಸ್ತಿಯನ್ನು ವಿಳಾಸದ ಸಮೇತ ಜನರ ಮುಂದಿಡಬೇಕು ಎಂದು ಸಭೆಯಲ್ಲಿ ಗಂಟಲು ಹರಿದುಕೊಂಡವಳು ನಾನೇ. ಇವತ್ತು ಆ ಫಾರಂ ತುಂಬಲು ಕುಳಿತಾಗ ನನ್ನ ಎರಡನೇ ಮನೆಯ ಸಾಲಿನಲ್ಲಿ ಕೈ ನಿಂತಿತು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಅಕ್ಕ ಇರುವುದು ಅಲ್ಲಿ. ಭಾವನಿಗೆ ಆ ಜಾಗ ಇನ್ನೂ ಗೊತ್ತಿಲ್ಲ.

ನಗರಸಭೆಯ ಗುಮಾಸ್ತರಿಗೆ ಗುಟ್ಟಾಗಿ ಅಕ್ಕನ ವಿಷಯ ಹೇಳಿ, ಆ ವಿಳಾಸ ಬಿಡಬಹುದೇ ಎಂದು ಕೇಳಿದೆ. "ನಿಮಗೊಬ್ರಿಗೆ ಬಿಟ್ರೆ ನಾಳೆ ಎಲ್ರೂ ಒಬ್ಬೊಬ್ಬ ಅಕ್ಕನ್ನ ಹುಡುಕ್ಕೊಂಡು ಬರ್ತಾರೆ ಮೇಡಂ," ಎಂದರು. ನಗುವೂ ಬಂತು, ಸಿಟ್ಟೂ ಬಂತು. ಆದರೆ ಅವರ ಮಾತಿನಲ್ಲಿ ತಪ್ಪೇನಿಲ್ಲ.

ಸಂಜೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಲೇ, "ಬರಿ. ನನ್ನಿಂದ ನೀನು ಕಳ್ಳಿ ಅನ್ನಿಸ್ಕೋಬೇಡ. ನಾನು ಬೇರೆ ಕಡೆ ಬಾಡಿಗೆಗೆ ನೋಡ್ಕೋತೀನಿ," ಎಂದಳು.

"ಮತ್ತೆ ಓಡ್ತೀಯಾ?" ಎಂದೆ. ಅವಳು ಮಡಚಲು ಇನ್ನೊಂದು ಸೀರೆ ಎತ್ತಿಕೊಂಡಳು.

ಮನೆಯ ಬೆಲೆ, ಕೊಂಡ ವರ್ಷ, ಹಣ ಬಂದ ದಾರಿ ಎಲ್ಲ ಬರೆದೆ. ಬೀದಿಯ ಹೆಸರು, ಬಾಗಿಲ ನಂಬರು ಮಾತ್ರ ಬರೆಯಲಿಲ್ಲ. ನಾಳೆ ಸಭೆಯಲ್ಲಿ ಎದ್ದು ನಿಂತು ಅದನ್ನು ಬಿಟ್ಟಿದ್ದೇನೆಂದು ಹೇಳುತ್ತೇನೆ. ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಎಲ್ಲರ ಮುಂದೆ ಕಾರಣ ಹೇಳುವಂತಿಲ್ಲ, ಅದು ಅಕ್ಕನದು. ಜನ ನನ್ನನ್ನು ನಂಬದಿದ್ದರೆ ಅವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ.