ಬೋಟಿನ ಎಡಗಡೆ ಬೆಂಚು

ಬೆಸಗರಹಳ್ಳಿ
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ವೀಣಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ? ಬೆಳಕವಾಡಿಯಲ್ಲಿ ಅಪ್ಪ, ಅಮ್ಮ ಆರೋಗ್ಯವೇ? ಅಮ್ಮನ ಸಕ್ಕರೆ ಕಾಯಿಲೆ ಹತೋಟಿಗೆ ಬಂತೋ, ಇಲ್ಲ ಇನ್ನೂ ಕದ್ದುಮುಚ್ಚಿ ಕಜ್ಜಾಯ ತಿನ್ನುತ್ತಾರೋ? ಮಳವಳ್ಳಿಗೆ ಸ್ಕೂಲಿನ ಹೊತ್ತಿಗೆ ಬಸ್ಸು ಸಿಗುತ್ತದೆ ತಾನೇ? ಈ ಚಳಿಯಲ್ಲಿ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಬಸ್ಸು ಹತ್ತಬೇಡ, ನಿನಗೆ ನೆಗಡಿ ಹಿಡಿದರೆ ಹದಿನೈದು ದಿನ ಬಿಡುವುದಿಲ್ಲ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ಇರಲಿ, ಅದಾದರೂ ಜೊತೆಗಿದೆ.

ಕಾರ್ತಿಕದಲ್ಲಿ ನೀನು ಬರೆದ ಕಾಗದ ದೇವರ ಗೂಡಿನಲ್ಲಿದೆ. "ಅತ್ತೆ, ಮಳವಳ್ಳಿಯಲ್ಲಿ ನಮ್ಮ ಸ್ಕೂಲಿನ ಮೇಷ್ಟ್ರು ಅಶೋಕ್ ಅನ್ನುವವರು ನನ್ನನ್ನು ಮದುವೆಯಾಗಲು ಕೇಳಿದ್ದಾರೆ. ಅಪ್ಪ ಅಮ್ಮ ಒಪ್ಪಿದ್ದಾರೆ. ನೀವು ಬೇಡ ಅಂದರೆ ಬೇಡ" ಅಂತ ಬರೆದಿದ್ದೆ. ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ ಅಂತಲೂ ಬರೆದಿದ್ದೆ. ನನಗೂ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ ಕಣೇ. ನೀನು ಫೋನು ಮಾಡಿದಾಗಲೆಲ್ಲ "ಕೈ ಗ್ರೀಸಾಗಿದೆ, ಆಮೇಲೆ ಮಾತಾಡ್ತೀನಿ" ಅಂತ ಇಟ್ಟುಬಿಟ್ಟೆ. ಗ್ರೀಸಾಗಿದ್ದದ್ದು ನಿಜ. ಆಮೇಲೆ ಮಾತಾಡುತ್ತೇನೆ ಅಂದದ್ದು ಸುಳ್ಳು. ಎರಡು ತಿಂಗಳು ಕಾಯಿಸಿದ್ದೇನೆ. ನೀನು ನನ್ನನ್ನು ಬೈದುಕೊಂಡಿರುತ್ತೀಯ, ಬೈದುಕೊಂಡಿಲ್ಲದಿದ್ದರೆ ನಿನ್ನಂಥ ಪೆದ್ದು ಇನ್ನೊಬ್ಬಳಿಲ್ಲ. ಉತ್ತರ ಬರೆಯಲೆಂದೇ ಇವತ್ತು ಕೂತಿದ್ದೇನೆ. ಆದರೆ ಮೊದಲು ಬೋಟಿನ ವಿಷಯ ಬರೆಯುತ್ತೇನೆ, ಬೈಯಬೇಡ. ಅದನ್ನು ಹೇಳದೆ ಇದನ್ನು ಹೇಳಲು ನನಗೆ ಬರುವುದಿಲ್ಲ.

ಆ ಬೋಟನ್ನು ಸ್ವರೂಪ್ ಕಬ್ಬಿನ ಟ್ರೇಲರಿನ ಮೇಲೆ ಹೇರಿಕೊಂಡು ಬಂದ ದಿನ ನಾನು ಹಾಕಿದ ರಂಪ ನಿನಗೆ ನೆನಪಿರಬೇಕು. ಮುಚ್ಚಿಹೋದ ಯಾವುದೋ ರೆಸಾರ್ಟಿನವರು ಹರಾಜು ಹಾಕಿದ ಹಳೇ ಮೋಟಾರು ಬೋಟು, ತಳ ಎರಡು ಕಡೆ ಒಡೆದಿತ್ತು, ಇಂಜಿನ್ನು ತುಕ್ಕು ಹಿಡಿದು ಕೂತಿತ್ತು. "ಅವ್ವ, ಬೆಂಗ್ಳೂರೋರು ಭಾನ್ವಾರ ಭಾನ್ವಾರ ಮದ್ದೂರಿಗೆ ಬಂದು ವಡೆ ತಿಂದ್ಬುಟ್ಟು ವಾಪಸ್ ಓಯ್ತಾರೆ. ಅವ್ರನ್ನ ನಮ್ ಕೆರೆ ಮೇಲೆ ಒಂದ್ ರೌಂಡ್ ಸುತ್ತುಸುದ್ರೆ ಏನಾಗದು ಏಳು" ಅಂದ. ನೀನು ಅವನ ಹಿಂದೆ ನಿಂತು ನಗುತ್ತಿದ್ದೆ. ಟಿಕೆಟ್ಟು ಕೊಡುವವಳು ನೀನು, ಓಡಿಸುವವನು ಅವನು, ಬಂದವರಿಗೆ ಕಾಫಿ ಮಾಡಿಕೊಡುವವಳು ನಾನು ಅಂತ ನೀವಿಬ್ಬರೇ ತೀರ್ಮಾನ ಮಾಡಿಬಿಟ್ಟಿದ್ದಿರಿ. ಆರು ತಿಂಗಳೂ ಆಗಲಿಲ್ಲ. ಮದ್ದೂರಿನಿಂದ ಬೈಕಿನಲ್ಲಿ ಬರುತ್ತಿದ್ದ ನನ್ನ ಮಗ ಮನೆಗೆ ಬರಲೇ ಇಲ್ಲ. ಬೋಟು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಹಾಗೇ ಬಿದ್ದಿತ್ತು, ಕೋಳಿಗಳು ಅದರೊಳಗೆ ಮೊಟ್ಟೆ ಇಟ್ಟು ಮರಿ ಮಾಡಿಕೊಂಡು ಸಂಸಾರ ಹೂಡಿದವು.

ವರ್ಷದ ತಿಥಿ ಕಳೆದ ಮೇಲೆ ನಿಮ್ಮಪ್ಪ ಬಂದಾಗ "ಹೋಗವ್ವ, ಇಲ್ಲಿ ಕೂತು ಏನು ಮಾಡ್ತೀಯ, ಕೆಲಸಕ್ಕಾದರೂ ಸೇರಿಕೋ" ಅಂತ ನಾನೇ ಹೇಳಿದ್ದು. ಹೇಳಿದ್ದು ನಾನೇ ಸರಿ. ನೀನು "ಇಲ್ಲ ಅತ್ತೆ, ಹೋಗಲ್ಲ" ಅನ್ನುತ್ತೀಯ ಅಂದುಕೊಂಡು ಹೇಳಿದೆ. ನೀನು ನಂಬಿ ಹೊರಟುಬಿಟ್ಟೆ. ಆಮೇಲೆ ಮನೆಯಲ್ಲಿ ಎರಡು ಮುದ್ದೆಗೆ ಎಸರಿಟ್ಟು ಒಂದು ಮುದ್ದೆಯನ್ನು ಹಸುವಿನ ಬಾನಿಗೆ ಹಾಕುವುದೇ ಆಯಿತು. ಅಳತೆ ಕಡಿಮೆ ಮಾಡಲು ಕೈ ಬರಲೇ ಇಲ್ಲ. ಟಿ.ವಿ. ಹಾಕಿದರೆ ಅದರಲ್ಲಿರುವ ಅತ್ತೆ ಸೊಸೆಯರು ಜಗಳವಾಡುತ್ತಾರೆ, ನನಗೆ ಜಗಳವಾಡಲೂ ಒಂದು ಗತಿಯಿಲ್ಲ. ಹಾಗೊಂದು ಮಧ್ಯಾಹ್ನ ಹೋಗಿ ಕೋಳಿಗಳನ್ನು ಎಬ್ಬಿಸಿ ಬೋಟು ತೊಳೆಯಲು ಕೂತೆ.

ಹನಕೆರೆಯ ನಾಗರಾಜು, ಟಿಲ್ಲರ್ ರಿಪೇರಿ ಮಾಡುವವನು, ಅವನನ್ನು ಕರೆಸಿದೆ. ಅವನು ಬೋಟನ್ನು ಮೂರು ಸುತ್ತು ಸುತ್ತಿ "ಅಕ್ಕೋ, ಗದ್ದೇಲಿ ಓಡೋದು ಏನಾದ್ರೂ ಇದ್ರೆ ಏಳು, ಇದು ನನ್ ಕೈಲಾಗಕಿಲ್ಲ" ಅಂದ. ಕಾಫಿ ಕೊಟ್ಟೆ, ನಾಟಿ ಕೋಳಿ ಸಾರು ಮಾಡಿಹಾಕಿದೆ, ಕೈಲಾಯಿತು. ಬೋಟಿನೊಳಗೆ ಪಂಪ್‌ಸೆಟ್ಟಿನ ಪೈಪು ಬಿಟ್ಟು ನೀರು ತುಂಬಿಸಿದೆವು. ಒಳಗಿನ ನೀರು ಎಲ್ಲೆಲ್ಲಿ ಹೊರಗೆ ಸೋರುತ್ತದೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ, ಹದಿನೇಳು ಕಡೆ. ಮಂಡ್ಯದಿಂದ ಫೈಬರ್ ಬಟ್ಟೆ, ಅಂಟು ತರಿಸಿ ತೇಪೆ ಹಾಕಿ ಉಜ್ಜಿದೆವು. ಆ ದೂಳು ಮೈಗೆ ಹತ್ತಿದರೆ ಕಬ್ಬಿನ ಗರಿಯ ಸುಂಕು ಏನೇನೂ ಅಲ್ಲ, ಎರಡು ದಿನ ಕೆರೆದುಕೊಂಡು ಸತ್ತೆ. ಸೀಜಾದ ಪೆಟ್ರೋಲ್ ಇಂಜಿನ್ನನ್ನು ಗುಜರಿಗೆ ಹಾಕಿ, ನಮ್ಮದೇ ಹಳೇ ಟಿಲ್ಲರಿನ ಡೀಸೆಲ್ ಇಂಜಿನ್ನನ್ನು ಹಿಂದುಗಡೆ ಕೂರಿಸಿ, ಉದ್ದನೆಯ ಶಾಫ್ಟು ಕೊಟ್ಟು ತುದಿಗೆ ಹಿತ್ತಾಳೆ ಫ್ಯಾನು ಹಾಕಿದ. ಸ್ಟಾರ್ಟು ಮಾಡಿದ ದಿನ ಪಕ್ಕದ ಮನೆಯ ಲಿಂಗಯ್ಯ ಬೇಲಿಯ ಮೇಲಿಂದ ಇಣುಕಿ "ಬೋಟ್ ಓಡುಸ್ತಾಳಂತೆ ಕಣ್ರಪ್ಪಾ ಇವ್ಳು, ಗದ್ದೆ ಕೆಲ್ಸ ಸಾಕಾಗೋಯ್ತಂತೆ" ಅಂದ. "ನೀನು ಮೊದಲು ನಿನ್ನ ಬೇಲಿ ಕಟ್ಟಿಕೋ, ನನ್ನ ಹಿತ್ತಲಿಗೆ ನಿನ್ನ ಮೇಕೆ ನುಗ್ಗುತ್ತದೆ" ಅಂದೆ.

ಈಗ ಮುಖ್ಯ ವಿಷಯಕ್ಕೆ ಬಂದೆ. ಬೋಟಿನ ಎಡಗಡೆಗೆ ಹಲಸಿನ ಹಲಗೆಯಲ್ಲಿ ಒಂದು ಬೆಂಚು ಮಾಡಿಸಿದೆ. ಸರಿಯಾಗಿ ಇಬ್ಬರು ಕೂರುವಷ್ಟು. ನನ್ನ ಮಂಡಿಗೆ ತಕ್ಕ ಎತ್ತರ, ಒರಗಿಕೊಳ್ಳಲು ಹಿಂದೆ ಪಟ್ಟಿ, ಮೇಲೆ ಬಿಸಿಲಿಗೆ ನೀಲಿ ಟಾರ್ಪಾಲಿನ ಚಪ್ಪರ. ಅರವತ್ತು ಲೀಟರಿನ ಡೀಸೆಲ್ ಟ್ಯಾಂಕು, ಎರಡು ಬ್ಯಾಟರಿ, ಕಬ್ಬಿಣದ ಲಂಗರು ಎಲ್ಲವನ್ನೂ ಬಲಗಡೆಗೆ ಹಾಕಿಸಿದೆ. "ಅಕ್ಕೋ, ಎಲ್ಲಾ ತೂಕನೂ ಬಲಗಡೀಕೆ ಆಕುದ್ರೆ ವಾಲ್ಕತದೆ ಕಣಕ್ಕೋ, ನಡುಮಧ್ಯಕ್ಕೆ ಆಕವ" ಅಂದ ನಾಗರಾಜು. ಕಬ್ಬಿನ ಗಾಡಿ ಹೇರಿ ಬೆಳೆದವಳಿಗೆ ಇವನು ಭಾರ ತೂಗುವುದನ್ನು ಹೇಳಿಕೊಡುವುದೇ? ಗಾಡಿ ಹೇರುವವರು ಆಮೇಲೆ ಹತ್ತಿ ಕೂರುವವರನ್ನೂ ಲೆಕ್ಕ ಹಿಡಿದೇ ಹೇರುತ್ತಾರೆ. "ಎಡಗಡೆ ಇಬ್ರು ಕುಂತ್ಕತೀವಿ ಕಣ್ಲಾ, ಸರ್ಯಾಯ್ತದೆ" ಅಂದೆ. "ಇಬ್ರು ಅಂದ್ರೆ ಯಾರ್ಯಾರಕ್ಕ?" ಅಂದ. "ನಾನು, ನನ್ ಸೊಸೆ. ನಿಂಗ್ಯಾಕ್ಲಾ, ಏಳ್ದಂಗೆ ಮಾಡು" ಅಂದೆ. ಆ ಹೊತ್ತಿಗೆ ನಿನ್ನ ಕಾಗದ ಬಂದು ಇಪ್ಪತ್ತು ದಿನವಾಗಿತ್ತು. ಓದಿದ್ದೆ, ಬಾಯಿಪಾಠವಾಗಿತ್ತು. ಆದರೂ ಹಾಗೆ ಹೇಳಿದೆ.

ಇನ್ನೂ ಒಂದು ತಪ್ಪೊಪ್ಪಿಗೆ ಇದೆ. ಡಿಸೆಂಬರಿನಲ್ಲಿ "ಪಂಚಾಯ್ತಿ ಅನುಮತಿಗೆ ನಿನ್ನ ಸೈನು ಬೇಕೇಬೇಕಂತೆ" ಅಂತ ನಿನ್ನನ್ನು ಕರೆಸಿಕೊಂಡೆನಲ್ಲ, ಯಾರೂ ಕೇಳಿರಲಿಲ್ಲ. ಆ ಅರ್ಜಿ ಈಗಲೂ ಬೀರುವಿನಲ್ಲಿದೆ. ಬೋಟು ನೋಡಿದರೆ ನೀನು ಮನಸ್ಸು ಬದಲಾಯಿಸುತ್ತೀಯ ಅಂತ ನನ್ನ ಹುನ್ನಾರ. ನೀನು ಪಾಪ, ಎರಡು ಬಸ್ಸು ಬದಲಾಯಿಸಿ ಬಂದೆ, ಸೈನು ಹಾಕಿದೆ, ನಿನ್ನ ಕಾಗದದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನೀನು ಬೆಂಚಿನ ಮೇಲೆ ಕೈಯಾಡಿಸಿ "ಇಲ್ಲಿ ಯಾರು ಕೂರೋದು ಅತ್ತೆ?" ಅಂದೆ. "ಕಾಸು ಕೊಟ್ಟು ಬಂದೋರು" ಅಂದೆ ನಾನು. ನೀನು ನಾಲ್ಕು ಗಂಟೆಯ ಬಸ್ಸಿಗೆ ಹೊರಟಾಗ ಕಿಟಕಿಯಲ್ಲಿ ನಿನ್ನ ಮುಖ ನೋಡಿದೆ. ಉತ್ತರ ಕೇಳಿಕೊಂಡು ಬಂದವಳು ಬರಿಗೈಲಿ ಹೋಗುತ್ತಿದ್ದೀಯ ಅಂತ ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನಿದ್ದೆ ನೋಡು, ಅಷ್ಟು ಗಟ್ಟಿ ಹೆಂಗಸು ನಾನು.

ಸಂಕ್ರಾಂತಿಯ ಮಾರನೇ ದಿನ ಬೋಟನ್ನು ಕೆರೆಗೆ ಇಳಿಸಿದೆವು. ದನ ಮೈತೊಳೆಯುವ ಇಳಿಜಾರಿನಲ್ಲಿ ಟ್ರ್ಯಾಕ್ಟರು ಹಿಂದಕ್ಕೆ ಬಿಟ್ಟು, ಕಾಯಿ ಒಡೆದೆ. ಚಕ್ರಕ್ಕೆ ನಿಂಬೆಹಣ್ಣು ಇಡೋಣ ಅಂದರೆ ಬೋಟಿಗೆ ಚಕ್ರವೆಲ್ಲಿ? ಟ್ರೇಲರಿನ ಚಕ್ರಕ್ಕೇ ಇಟ್ಟು ಅದೃಷ್ಟವನ್ನೆಲ್ಲ ಟ್ರೇಲರಿಗೆ ಕೊಟ್ಟೆವು. ನಾನು ಎಡಗಡೆ ಬೆಂಚಿನ ಮೇಲೆ ಕೂತೆ, ನಾಗರಾಜು ಹಿಂದೆ ಇಂಜಿನ್ನಿನ ಹತ್ತಿರ ನಿಂತ. ಕಟ್ಟಿದ ಹಗ್ಗ ಬಿಚ್ಚಿದ್ದೇ ತಡ, ಬೋಟು ಬಲಕ್ಕೆ ವಾಲಿತು. ಸ್ವಲ್ಪವಲ್ಲ, ಬಲಗಡೆಯ ಅಂಚಿಗೆ ನೀರು ಒಂದು ಗೇಣು ದೂರ. ಏರಿಯ ಮೇಲೆ ನಿಂತವರೆಲ್ಲ ಹೋ ಅಂದರು. ನಾಗರಾಜು ದಡಕ್ಕೆ ಎಳೆದು ಕಟ್ಟಿ, ಏನೂ ಆಡಿಕೊಳ್ಳದೆ ಒಂದೇ ಮಾತು ಕೇಳಿದ, "ನಿಮ್ ಸೊಸೆ ಎಷ್ಟ್ ತೂಕ ಇರ್ಬೋದಕ್ಕ?" ಯೋಚನೆ ಮಾಡದೆ ಐವತ್ತೆರಡು ಅಂದೆ. ಜ್ವರ ಬಂದಾಗ ಮದ್ದೂರಿನ ಆಸ್ಪತ್ರೆಯಲ್ಲಿ ನಿನ್ನನ್ನು ತೂಗಿದ್ದು ಹಾಗೇ ತಲೆಯಲ್ಲಿತ್ತು. ಅವನು ಟ್ರ್ಯಾಕ್ಟರಿನಲ್ಲಿದ್ದ ಐವತ್ತು ಕೆ.ಜಿ. ಬೂಸದ ಮೂಟೆ ತಂದು ನನ್ನ ಪಕ್ಕದಲ್ಲಿ ಇಟ್ಟ. ಅದು ಜಾರುತ್ತಿತ್ತು, ಅದಕ್ಕೆ ಮಿಣಿ ಹಗ್ಗದಲ್ಲಿ ಬಿಗಿಯಾಗಿ ಬೆಂಚಿಗೆ ಕಟ್ಟಿದ. ಬೋಟು ಸಮ ನಿಂತಿತು.

ಆಮೇಲೆ ಹೊರಟೆವು. ಎಷ್ಟು ಚೆನ್ನಾಗಿ ಹೋಯಿತು ಅಂತೀಯ! ನಾಲೆ ನೀರು ಬಂದು ಕೆರೆ ಈ ಸಲ ಕೋಡಿಗೆ ಬಂದಿದೆ, ಆಚೆ ದಡದ ತೆಂಗಿನ ಮರಗಳ ತನಕ ಹೋಗಿ ಒಂದು ಸುತ್ತು ಹಾಕಿದೆವು. ಐವತ್ತಾರು ವರ್ಷ ಈ ಕೆರೆಯ ನೀರು ಕುಡಿದಿದ್ದೇನೆ, ನಮ್ಮೂರನ್ನು ನೀರಿನ ಮೇಲಿಂದ ನೋಡಿದ್ದು ಇದೇ ಮೊದಲು. ಸ್ವರೂಪ್ ಹೇಳಿದ್ದು ಸುಳ್ಳಲ್ಲ, ಕಾಸು ಕೊಟ್ಟಾದರೂ ನೋಡಬೇಕು. ಅದನ್ನು ಹೇಳೋಣ ಅಂತ ಪಕ್ಕಕ್ಕೆ ತಿರುಗಿದೆ. ಮೂಟೆ. ಬಾಯಿ ಹೊಲಿದ, ಸೊಂಟಕ್ಕೆ ಹಗ್ಗ ಬಿಗಿದ ಮೂಟೆ. ನಾನು ಇಷ್ಟು ದಿನ ಮಾಡುತ್ತಿದ್ದದ್ದು ಇದೇ ಅಲ್ಲವೇ? ನಾನು ವಾಲದೆ ಕೂರಲಿ ಅಂತ ಇಪ್ಪತ್ತೇಳು ವರ್ಷದ ಹೆಣ್ಣುಮಗಳನ್ನು ಪಕ್ಕದಲ್ಲಿ ಕಟ್ಟಿ ಕೂರಿಸಲು ಹೊರಟಿದ್ದೆ. ನೀನು ನನ್ನ ಮಾತು ಮೀರಿ ಹೋಗುವವಳಲ್ಲ, ನಾನು ಸುಮ್ಮನಿದ್ದರೆ ನೀನೂ ಸುಮ್ಮನೆ ಕೂತುಬಿಡುತ್ತೀಯ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸುಮ್ಮನಿದ್ದೆ. ನೀರಿನ ನಡುವೆ ಜೋರಾಗಿ ಅತ್ತುಬಿಟ್ಟೆ. ಇಂಜಿನ್ನಿನ ಸದ್ದಿಗೆ ನಾಗರಾಜುಗೆ ಕೇಳಿಸಲಿಲ್ಲ, ಕೇಳಿಸಿದ್ದರೂ ಅವನು ಕೇಳಿಸಿಕೊಂಡವನ ಹಾಗೆ ಇರಲಿಲ್ಲ. ಒಳ್ಳೆಯವನು.

ದಡಕ್ಕೆ ಬಂದವಳೇ ಮೂಟೆ ಬಿಚ್ಚಿಸಿದೆ. ಟ್ಯಾಂಕು, ಬ್ಯಾಟರಿ, ಲಂಗರು, ಬೆಂಚು ಎಲ್ಲ ನಿನ್ನೆ ನಡುಮಧ್ಯಕ್ಕೆ ಹಾಕಿಸಿದ್ದೇನೆ. ಈಗ ಯಾರು ಕೂತರೂ, ಕೂರದಿದ್ದರೂ ಬೋಟು ಸಮ ನಿಲ್ಲುತ್ತದೆ. ಇವತ್ತು ಬೆಳಗ್ಗೆ ನಾನು ಬೆಂಚಿನ ಮೇಲೆ ಒಬ್ಬಳೇ ಕೂತು ಒಂದು ಸುತ್ತು ಹೋಗಿಬಂದೆ. ಕಷ್ಟವೇ, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದರೆ ಬೀಗ ನಾನೇ ತೆಗೆಯಬೇಕು, ದೀಪ ನಾನೇ ಹಾಕಬೇಕು. ಆದರೆ ಅದು ನನ್ನ ಕಷ್ಟ. ನಿನ್ನ ತಲೆಗೆ ಕಟ್ಟುವಂಥದ್ದಲ್ಲ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತು ಹೊತ್ತಿಗೆ ಊಟ ಮಾಡು, ಮಕ್ಕಳಿಗೆ ಪಾಠ ಹೇಳಿ ಗಂಟಲು ಕೆಡಿಸಿಕೊಳ್ಳಬೇಡ. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅತ್ತೆ
ಚಿಕ್ಕಬೋರಮ್ಮ

ಮರೆತೆ: ನಾಗರಾಜು ಮದ್ದೂರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಕಾಗದ ಅವನ ಕೈಲಿ ಕಳಿಸಬೇಕು. ಮೂರು ಹಾಳೆ ಬರೆದೂ ನಿನ್ನ ಪ್ರಶ್ನೆಗೆ ಉತ್ತರ ಬರೆದಿಲ್ಲ ನೋಡು. ಮಾಡಿಕೋ ಮಗಳೇ. ಸಂತೋಷವಾಗಿ ಮಾಡಿಕೋ, ಅಳುತ್ತಾ ಮಾಡಿಕೊಳ್ಳಬೇಡ. ಗಂಡ ಸತ್ತ ನನ್ನಂಥವಳು ಹಸೆ ಹತ್ತಿರ ಬರಬಾರದು ಅನ್ನುವವರು ಅನ್ನಲಿ, ನಾನು ಬರುತ್ತೇನೆ. ಹೋದ ಸಲ ಗಂಡಿನ ಕಡೆಯವಳಾಗಿ ಬಂದು ಪಾಯಸ ನೀರಾಗಿದೆ ಅಂತ ನಿಮ್ಮಪ್ಪನನ್ನು ಛತ್ರದ ತುಂಬಾ ಓಡಾಡಿಸಿದ್ದೆ. ಈ ಸಲ ನಾನು ಹೆಣ್ಣಿನ ಕಡೆ. ಅಡುಗೆಯ ಉಸ್ತುವಾರಿ ನನಗೆ ಬಿಡಬೇಕು ಅಂತ ಅವರಿಗೆ ಈಗಲೇ ಹೇಳಿಬಿಡು.